ಉತ್ತರ: 9 ಡಿಬಿ ಆಂಟೆನಾಕ್ಕಿಂತ ಮೊದಲು ಕೇಬಲ್ ಬಿಚ್ಚಿ ನೋಡಿ

ಕಾರವಾರದ ಬೈತಖೋಲ ಬಂದರಿನಿಂದ ಹೊರಟು ದೇವಗಡ ದೀಪಸ್ತಂಭ ದಾಟುತ್ತಿದ್ದಂತೆ ನಿಮ್ಮ ಬೋಟಿನ 25 ವಾಟ್ ವಿಎಚ್‌ಎಫ್ ರೇಡಿಯೋ ಯಾರಿಗೂ ಕೇಳಿಸುವುದಿಲ್ಲ, 9 ಡಿಬಿ ಆಂಟೆನಾ ಹಾಕಲೇ ಅಂತ ಕೇಳಿದ್ದೀರಿ. ಈಗಲೇ ದುಡ್ಡು ಸುರಿಯಬೇಡಿ ಮಾರಾಯ್ರೇ. ಅಷ್ಟು ಗೇನ್ (ಶಕ್ತಿಯನ್ನು ಒಂದೇ ಕಡೆ ಒಟ್ಟುಗೂಡಿಸುವ ಪ್ರಮಾಣ, ಅಳೆಯುವುದು ಡಿಬಿಯಲ್ಲಿ) ಇರುವ ಆಂಟೆನಾದ ಕಿರಣ ತೀರಾ ತೆಳು. ಸಣ್ಣ ಬೋಟು ಹೊಯ್ದಾಡಿದಾಗ ಅದು ಒಮ್ಮೆ ನೀರಿಗೆ, ಒಮ್ಮೆ ಆಕಾಶಕ್ಕೆ. ನಿಮಗೆ 3 ಡಿಬಿಯದೇ ವಾಸಿ.

ಮೊದಲು ಆಂಟೆನಾ ಕೇಬಲನ್ನು ರೇಡಿಯೋಗೆ ಜೋಡಿಸುವ ಪಿಎಲ್-259 ಕನೆಕ್ಟರ್ ಬಿಚ್ಚಿ. ಕೇಬಲಿನ ಹೆಣಿಗೆ ತಂತಿ ಹಸಿರು ಕಿಲುಬು ಹಿಡಿದಿದ್ದರೆ ಕಳ್ಳ ಅಲ್ಲೇ ಇದ್ದಾನೆ, ಉಪ್ಪುನೀರು ಒಳಗೆ ಹೋಗಿದೆ. ಆಮೇಲೆ, ಆಂಟೆನಾ ಹೊರಗೆ ಬಿಡದೆ ವಾಪಸ್ ಕಳಿಸುವ ಶಕ್ತಿ ಎಷ್ಟೆಂದು ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರ್ ಹಾಕಿ, 1 ವಾಟ್‌ನಲ್ಲಿ ಅಳೆಯಿರಿ. 1.5ರೊಳಗೆ ಬಂದರೆ ಚಿಂತೆಯಿಲ್ಲ. 3 ಬಂದರೆ ಕಾಲುಭಾಗ ಶಕ್ತಿ ವಾಪಸ್. ಆದರೆ ಕೊಳೆತ ಕೇಬಲ್ ಕೂಡ ಒಳ್ಳೆಯ ಅಂಕಿಯನ್ನೇ ತೋರಿಸಬಹುದು, ವಾಪಸ್ ಬರುವುದನ್ನೂ ಅದೇ ನುಂಗುತ್ತದಲ್ಲ! ಹಾಗಾಗಿ ಆಂಟೆನಾದ ಬುಡದಲ್ಲೂ ಒಮ್ಮೆ ಅಳೆಯಿರಿ.

ಎತ್ತರವನ್ನೂ ನೋಡಿ. ಎರಡೂ ಬೋಟಿನ ಆಂಟೆನಾ ನೀರಿನಿಂದ 4 ಮೀಟರ್ ಮೇಲಿದ್ದರೆ ಮಾತು ಸುಮಾರು 16 ಕಿ.ಮೀ. ಮುಟ್ಟುತ್ತದೆ, ಎರಡನ್ನೂ 9 ಮೀಟರಿಗೆ ಏರಿಸಿದರೆ 24.

ಕೊನೆಗೆ ಗೆಳೆಯರ ಬೋಟನ್ನು ದೂರ ನಿಲ್ಲಿಸಿ, ನಿಮ್ಮದನ್ನು ನಿಧಾನ ಒಂದು ಸುತ್ತು ತಿರುಗಿಸುತ್ತ ಮಾತಾಡಿ. ಒಂದೇ ದಿಕ್ಕಿನಲ್ಲಿ ದನಿ ಕುಸಿದರೆ ಕಬ್ಬಿಣದ ಕಂಬ ಅಡ್ಡ ಬರುತ್ತಿದೆ. ಚಾನೆಲ್ 16ರಲ್ಲಿ ಮಾತ್ರ ಈ ಪರೀಕ್ಷೆ ಬೇಡ, ಅದು ಅಪಾಯದ ಕರೆಗೆ.