ಮನೆ ಬಿಟ್ಟ ವರ್ಷಗಳು: ಡಿಕಿನ್ಸನ್, ಹಾಲ್‌ಫರ್ಡ್ ಕುರಿತ ಪತ್ರಕ್ಕೆ ಸಂಪಾದಕರ ಉತ್ತರ

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರ ಹೀಗಿದೆ: "ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯ ಬ್ರಿಟಿಷ್ ಹೆವಿ ಮೆಟಲ್ ಸಂಗೀತದ ಲೇಖನದಲ್ಲಿ ಐರನ್ ಮೇಡನ್ ಗಾಯಕ ಬ್ರೂಸ್ ಡಿಕಿನ್ಸನ್ ಮತ್ತು ಜೂಡಸ್ ಪ್ರೀಸ್ಟ್ ಗಾಯಕ ರಾಬ್ ಹಾಲ್‌ಫರ್ಡ್ ತಮ್ಮ ತಂಡಗಳಿಂದ ಹೊರಗಿದ್ದ ವರ್ಷಗಳನ್ನು 'ಅಲೆದಾಟದ ಕಾಲ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇದು ಸರಿಯಲ್ಲ. ನನ್ನ ಪ್ರಕಾರ ಒಂಟಿಯಾಗಿ ಗೆದ್ದವರು ಡಿಕಿನ್ಸನ್. ಅವರ ಶಾರೀರ ದೊಡ್ಡದು. ಹಾಲ್‌ಫರ್ಡ್ 1998ರಲ್ಲಿ ಮೆಟಲ್‌ಗೇ ಬೆನ್ನು ತೋರಿಸಿದವರು. ಆದರೆ ನನ್ನ ಗೆಳೆಯ ಒಪ್ಪುವುದಿಲ್ಲ. ಡಿಕಿನ್ಸನ್ ಅವರ ಒಳ್ಳೆಯ ಆಲ್ಬಮ್‌ಗಳಲ್ಲಿ ಮೇಡನ್‌ನ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಇದ್ದಾರೆ, ಹಾಗಾಗಿ ಅದು ಬೇರೆ ಹೆಸರಿನ ಐರನ್ ಮೇಡನ್ ಅಷ್ಟೆ ಎನ್ನುತ್ತಾನೆ. ನೀವು ಏನು ಹೇಳುತ್ತೀರಿ?"

ಪ್ರಿಯರೇ,

ಮೊದಲಿಗೆ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಸಾಲನ್ನು ಅಚ್ಚಿಗೆ ಬಿಟ್ಟವನು ನಾನು. ಇಬ್ಬರು ಗಾಯಕರ ಅಷ್ಟು ವರ್ಷಗಳ ದುಡಿಮೆಯನ್ನು ಒಂದು ಪದದಲ್ಲಿ ಕಟ್ಟಿಹಾಕಬಾರದಿತ್ತು. ಪುಟ ಸಾಲಲಿಲ್ಲ ಎಂಬ ನೆಪ ಹೇಳುವುದಿಲ್ಲ.

ಇನ್ನು ನಿಮ್ಮ ತೀರ್ಪು. ನೀವು ಮುಟ್ಟಿದ ಕೊನೆಯನ್ನೇ ನಾನೂ ಮುಟ್ಟುತ್ತೇನೆ, ಆದರೆ ನೀವು ಹಿಡಿದ ದಾರಿ ನನಗೆ ಒಪ್ಪಿಗೆಯಿಲ್ಲ. ಶಾರೀರದ ಮಾತನ್ನು ಮೊದಲು ಮುಗಿಸೋಣ. ಡಿಕಿನ್ಸನ್ ಅವರದು ಎದೆಯಿಂದ ಎದ್ದು, ತೆರೆದ ಬಯಲನ್ನು ತುಂಬುವ ದನಿ. ಹಾಲ್‌ಫರ್ಡ್ ಅವರದು ತಾರಸ್ಥಾಯಿಯಲ್ಲಿ ಅಲಗಿನಂತೆ ಹರಿತವಾಗುವ, ಮಂದ್ರಕ್ಕೆ ಇಳಿದರೆ ಗುಡುಗುವ ದನಿ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸಾಧ್ಯವಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ತಂಡದ ಹೊರಗೆ ನಿಂತಾಗ, ತಂಡದೊಳಗೆ ಹುಟ್ಟಲಾರದ್ದನ್ನು ಯಾರು ಹುಟ್ಟಿಸಿದರು?

ಇಬ್ಬರೂ ಹೊರಬಿದ್ದದ್ದು ಸುಮಾರು ಒಂದೇ ಕಾಲಕ್ಕೆ. 'ಪೇನ್‌ಕಿಲ್ಲರ್' ಆಲ್ಬಮ್ ಬಂದು ಎರಡು ವರ್ಷಕ್ಕೆ, 1992ರಲ್ಲಿ, ಹಾಲ್‌ಫರ್ಡ್ ಜೂಡಸ್ ಪ್ರೀಸ್ಟ್ ತೊರೆದರು. 1993ರ ಆಗಸ್ಟ್‌ನಲ್ಲಿ ಡಿಕಿನ್ಸನ್ ಮೇಡನ್ ಜೊತೆಗಿನ ಕೊನೆಯ ಕಾರ್ಯಕ್ರಮ ಮುಗಿಸಿದರು. ಅಮೆರಿಕದ ಸಿಯಾಟಲ್‌ನಿಂದ ಎದ್ದ, ಗ್ರಂಜ್ ಎಂಬ ಒರಟು ರಾಕ್ ಸಂಗೀತದ ಅಲೆ ಆಗ ಹಳೆಯ ಮೆಟಲ್ ತಂಡಗಳ ಕಾಲಡಿಯ ನೆಲವನ್ನೇ ಕೊಚ್ಚುತ್ತಿತ್ತು. ಅಂಥ ಹೊತ್ತಿನಲ್ಲಿ ಕಟ್ಟಿದ ಮನೆ ಬಿಟ್ಟು ಬರುವುದಕ್ಕೆ ಧೈರ್ಯ ಬೇಕು. ಇಬ್ಬರಿಗೂ ಅದಿತ್ತು.

ಹಾಲ್‌ಫರ್ಡ್ ಹೆಚ್ಚು ಹುಡುಕಾಡಲಿಲ್ಲ. ಪ್ರೀಸ್ಟ್‌ನ ಡ್ರಮ್ಮರ್ ಸ್ಕಾಟ್ ಟ್ರಾವಿಸ್ ಅವರನ್ನೇ ಸೇರಿಸಿಕೊಂಡು 'ಫೈಟ್' ಎಂಬ ತಂಡ ಕಟ್ಟಿ, 1993ರಲ್ಲೇ 'ವಾರ್ ಆಫ್ ವರ್ಡ್ಸ್' ತಂದರು. ನಿಮ್ಮ ಪತ್ರದಲ್ಲಿ ಇದರ ಹೆಸರೇ ಇಲ್ಲದ್ದು ನನಗೆ ನೋವಾಯಿತು. ನಲವತ್ತು ದಾಟಿದ ಗಾಯಕ, ತನಗಿಂತ ತೀರಾ ಚಿಕ್ಕವರಾದ ಪ್ಯಾಂಟೆರಾದಂತಹ ತಂಡಗಳ ಗಡಸು ನಡೆಯನ್ನು ಕಿವಿಗೊಟ್ಟು ಕೇಳಿ, ಅದನ್ನು ತನ್ನದಾಗಿಸಿಕೊಂಡ ಆಲ್ಬಮ್ ಅದು. 'ನೇಲ್ಡ್ ಟು ದ ಗನ್', 'ಇನ್‌ಟು ದ ಪಿಟ್' ಎರಡನ್ನೂ ಬೆನ್ನು ಬೆನ್ನಿಗೆ ಕೇಳಿ. ಅದರಲ್ಲಿ ಹಳೆಯ ಹೆಸರಿನ ಮೇಲೆ ಬದುಕುವವನ ಸೋಮಾರಿತನ ಒಂದಿಷ್ಟೂ ಇಲ್ಲ. ಎರಡನೆಯ ಆಲ್ಬಮ್ 'ಎ ಸ್ಮಾಲ್ ಡೆಡ್ಲಿ ಸ್ಪೇಸ್' (1995) ಇಷ್ಟು ಗಟ್ಟಿಯಾಗಿಲ್ಲ. ಅದರ ಹಿಂದೆಯೇ ತಂಡವೂ ಮುಗಿಯಿತು.

ಡಿಕಿನ್ಸನ್ ಕಥೆ ತದ್ವಿರುದ್ಧ. ಮೇಡನ್‌ನಲ್ಲಿದ್ದಾಗಲೇ, 1990ರಲ್ಲಿ, 'ಟ್ಯಾಟೂಡ್ ಮಿಲಿಯನೇರ್' ಎಂಬ ಸಲೀಸಾದ ರಾಕ್ ಆಲ್ಬಮ್ ಮಾಡಿದ್ದರು. ಹೊರಬರುವ ಹೊತ್ತಿಗೆ ಅದು ಸಾಲದೆಂದು ಅವರಿಗೇ ಅನಿಸಿತ್ತು. 'ಬಾಲ್ಸ್ ಟು ಪಿಕಾಸೊ' ಆಲ್ಬಮ್‌ಗಾಗಿ ಬೇರೆ ಬೇರೆ ವಾದಕರೊಂದಿಗೆ ಮಾಡಿದ ಕೆಲಸವನ್ನು ಎರಡು ಬಾರಿ ಬದಿಗಿಟ್ಟು, ಮೂರನೆಯ ಸಲ ರಾಯ್ ಝೀ ಎಂಬ ಲಾಸ್ ಏಂಜಲೀಸ್‌ನ ಗಿಟಾರ್ ವಾದಕ ಮತ್ತು ಅವರ 'ಟ್ರೈಬ್ ಆಫ್ ಜಿಪ್ಸೀಸ್' ತಂಡದ ಜೊತೆ ಕೂತು ಮುಗಿಸಿದರು. ರಾಯ್ ಝೀ ಹೆಸರನ್ನು ನೆನಪಿಡಿ. ಈ ಇಬ್ಬರ ಕಥೆಯಲ್ಲಿ ಅವರು ಮತ್ತೆ ಮತ್ತೆ ಬರುತ್ತಾರೆ.

1994ರ ಆ ಆಲ್ಬಮ್ ನನಗೆ ಸಿಕ್ಕಿದ್ದು ಕಾಲೇಜಿನ ಹಿರಿಯರೊಬ್ಬರು ಕಾಪಿ ಮಾಡಿಕೊಟ್ಟ 90 ನಿಮಿಷದ ಕ್ಯಾಸೆಟ್‌ನಲ್ಲಿ. ಒಂದು ಬದಿಗೆ 'ವಾರ್ ಆಫ್ ವರ್ಡ್ಸ್', ಇನ್ನೊಂದು ಬದಿಗೆ 'ಬಾಲ್ಸ್ ಟು ಪಿಕಾಸೊ'. ಒಂದು ಬದಿಗೆ ಹಿಡಿಯುವುದು 45 ನಿಮಿಷ, ಆಲ್ಬಮ್ ಇರುವುದು 50 ನಿಮಿಷ. ಕೊನೆಯ ಹಾಡು 'ಟಿಯರ್ಸ್ ಆಫ್ ದ ಡ್ರ್ಯಾಗನ್'. ಮೆಲ್ಲಗೆ ಮೀಟುವ ಗಿಟಾರ್, ಅದರ ಮೇಲೆ ಗುಟ್ಟು ಹೇಳುವಂತೆ ಇಳಿದುಬರುವ ದನಿ, ಒಂದೆರಡು ಸಾಲು, ಆಮೇಲೆ ಟಕ್ ಎಂದು ಟೇಪ್ ನಿಂತುಬಿಡುತ್ತಿತ್ತು. ಎಷ್ಟೋ ಕಾಲ ನನ್ನ ಪಾಲಿಗೆ ಆ ಹಾಡು ಅಷ್ಟೇ ಇತ್ತು. ಮುಂದೆ ಸಿ.ಡಿ.ಯಲ್ಲಿ ಪೂರ್ತಿ ಕೇಳಿದಾಗ, ನಡುವೆ ಎಲ್ಲಿಂದಲೋ ಜಮೈಕಾದ ರೆಗೆ ಸಂಗೀತದ ನಡೆಯೊಂದು ಬಂದುಹೋಗುವುದನ್ನು ಕೇಳಿ ಬೆಚ್ಚಿದೆ. ಸಮುದ್ರಕ್ಕೆ ತನ್ನನ್ನು ಎಸೆದುಕೊಳ್ಳುವ, ಭಯವನ್ನು ಬಿಟ್ಟುಕೊಡುವ ಹಾಡಿನ ನಟ್ಟನಡುವೆ ಆ ತುಯ್ತ. ಮೇಡನ್‌ನಲ್ಲಿ ಇಂಥದ್ದಕ್ಕೆ ಜಾಗವಿರಲಿಲ್ಲ. ಅದು ತಪ್ಪೆಂದು ಹೇಳುತ್ತಿಲ್ಲ. ಸ್ಟೀವ್ ಹ್ಯಾರಿಸ್ ಅವರ ಬೇಸ್ ಗಿಟಾರಿನ ಕುದುರೆಯೋಟದ ಮೇಲೆ ನಿಂತ ತಂಡ ಅದು, ಅದರ ಕಟ್ಟಡವೇ ಬೇರೆ.

1996ರ 'ಸ್ಕಂಕ್‌ವರ್ಕ್ಸ್' ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಿರ್ವಾಣ ಎಂಬ ಗ್ರಂಜ್ ತಂಡದ ಮೊದಲ ಆಲ್ಬಮ್ ಮಾಡಿಸಿದ ಜ್ಯಾಕ್ ಎಂಡಿನೊ ಅವರನ್ನು ನಿರ್ಮಾಪಕರನ್ನಾಗಿ ಕರೆದು, ಕೂದಲು ಕತ್ತರಿಸಿಕೊಂಡು, ತನ್ನ ಹೆಸರಿಲ್ಲದ ಹೊಸ ತಂಡವಾಗಿ ಹೊರಬರಬೇಕೆಂದು ಡಿಕಿನ್ಸನ್ ಬಯಸಿದ್ದರು. ರೆಕಾರ್ಡ್ ಕಂಪನಿ ಒಪ್ಪದೆ ಅವರ ಹೆಸರನ್ನೇ ಮುದ್ರಿಸಿತು. ಆಲ್ಬಮ್ ಕೆಟ್ಟದ್ದಲ್ಲ, ಆದರೆ ಎದೆಗೆ ತಾಗುವುದಿಲ್ಲ. ಆ ತಂಡದ ವಾದಕರೊಂದಿಗೆ ಡಿಕಿನ್ಸನ್ 1994ರ ಡಿಸೆಂಬರ್‌ನಲ್ಲಿ ಮಾಡಿದ ಒಂದು ಕೆಲಸ ಮಾತ್ರ ಯಾವ ಆಲ್ಬಮ್‌ಗಿಂತಲೂ ದೊಡ್ಡದು. ಬೋಸ್ನಿಯಾದ ಸರಯೇವೊ ನಗರ ಆಗ ಮುತ್ತಿಗೆಯಲ್ಲಿತ್ತು. ಲಾರಿಯ ಹಿಂದೆ ಕೂತು, ಚಳಿಯಲ್ಲಿ, ಇಗ್ಮಾನ್ ಬೆಟ್ಟದ ದಾರಿಯಾಗಿ ಆ ನಗರದೊಳಗೆ ಹೋಗಿ ಅಲ್ಲಿನ ಹುಡುಗ ಹುಡುಗಿಯರಿಗಾಗಿ ಹಾಡಿ ಬಂದರು. ಮೇಡನ್‌ನಷ್ಟು ದೊಡ್ಡ ತಂಡದ ಪರಿವಾರ, ವಿಮೆ, ಒಪ್ಪಂದಗಳ ನಡುವೆ ಇಂಥ ಪ್ರಯಾಣ ಸಾಧ್ಯವಾಗುತ್ತಿತ್ತೇ? ನನಗೆ ನಂಬಿಕೆಯಿಲ್ಲ.

ಈಗ ನಿಮ್ಮ ಗೆಳೆಯರ ಆಕ್ಷೇಪಕ್ಕೆ ಬರುತ್ತೇನೆ. 1997ರ 'ಆ್ಯಕ್ಸಿಡೆಂಟ್ ಆಫ್ ಬರ್ತ್' ಆಲ್ಬಮ್‌ಗೆ ರಾಯ್ ಝೀ ಮರಳಿದರು, ಜೊತೆಗೆ 1990ರಲ್ಲೇ ಮೇಡನ್ ಬಿಟ್ಟಿದ್ದ ಏಡ್ರಿಯನ್ ಸ್ಮಿತ್ ಬಂದರು. ಆ ಆಲ್ಬಮ್ ಮಟ್ಟಿಗೆ ಗೆಳೆಯರ ಮಾತಿನಲ್ಲಿ ಹುರುಳಿದೆ. ಅಲ್ಲಿ ಹಳೆಯ ಮನೆಯ ವಾಸನೆ ಗಾಢವಾಗಿದೆ. ಆದರೆ ಮರುವರ್ಷದ 'ದ ಕೆಮಿಕಲ್ ವೆಡ್ಡಿಂಗ್' ಮುಂದೆ ಆ ವಾದ ನಿಲ್ಲುವುದಿಲ್ಲ. ಸ್ಮಿತ್ ಅದರಲ್ಲಿ ನುಡಿಸಿದ್ದಾರೆ ನಿಜ. ಆದರೆ ಹೆಚ್ಚಿನ ಹಾಡುಗಳು ಡಿಕಿನ್ಸನ್ ಮತ್ತು ರಾಯ್ ಝೀ ಕೂಡಿ ಬರೆದವು. ಶ್ರುತಿ ಇಳಿಸಿದ ಗಿಟಾರ್‌ಗಳು ಒದ್ದೆ ಮಣ್ಣಿನಷ್ಟು ಭಾರವಾಗಿವೆ. ಅದರ ಮೇಲೆ ವಿಲಿಯಂ ಬ್ಲೇಕ್ ಎಂಬ ಇಂಗ್ಲಿಷ್ ಕವಿಯ ಲೋಕ, ಅವನ ಕಾವ್ಯದ ಪಾತ್ರಗಳಾದ ಯುರಿಜನ್, ಥೆಲ್, ರಸವಾದಿಗಳ ಕುಲುಮೆ. ಮುಖಪುಟದ ಚಿತ್ರವೂ ಬ್ಲೇಕನದೇ. ಹಾಡುಗಳ ನಡುವೆ ಅವನ ಸಾಲುಗಳನ್ನು ಓದುವವರು ಇಂಗ್ಲಿಷ್ ರಾಕ್ ಗಾಯಕ ಆರ್ಥರ್ ಬ್ರೌನ್.

'ಜೆರೂಸಲೆಮ್' ಹಾಡನ್ನು ಒಮ್ಮೆ ಹತ್ತಿರದಿಂದ ಕೇಳಿ. ಬ್ಲೇಕನ ಆ ಪದ್ಯ ಇಂಗ್ಲೆಂಡಿನಲ್ಲಿ ನಾಡಗೀತೆಯಂತೆ ಹಾಡುವ ಪದ್ಯ. ಶಾಲೆಗಳಲ್ಲಿ, ಚರ್ಚುಗಳಲ್ಲಿ ಎಲ್ಲರಿಗೂ ಅದರ ಹಳೆಯ ಧಾಟಿ ಬಾಯಿಪಾಠ. ಅಂಥದ್ದಕ್ಕೆ ಹೊಸ ಧಾಟಿ ಹಾಕುವುದೆಂದರೆ, ನಮ್ಮಲ್ಲಿ ಎಲ್ಲರ ನಾಲಗೆಯ ಮೇಲಿರುವ ಭಾವಗೀತೆಯೊಂದರ ರಾಗವನ್ನೇ ಬದಲಿಸಿ ಹಾಡಿದಂತೆ. ಡಿಕಿನ್ಸನ್ ಅದನ್ನು ಜಾನಪದ ಹಾಡಿನ ತಗ್ಗುದನಿಯಲ್ಲಿ ಎತ್ತಿಕೊಂಡು, ನಿಧಾನವಾಗಿ ಏರಿಸುತ್ತಾ, ಅದರೊಳಗೆ ಅಡಗಿದ್ದ ಸಿಟ್ಟನ್ನು ಹೊರಗೆ ತರುತ್ತಾರೆ. ಕೇಳುವಾಗ ಅದು ಎಂದಿನಿಂದಲೂ ಮೆಟಲ್ ಹಾಡೇ ಆಗಿತ್ತು ಅನಿಸುತ್ತದೆ. ಈ ಆಲ್ಬಮ್ ಮೇಡನ್ ಮಾಡಲಾರದ್ದು, ಪ್ರೀಸ್ಟ್ ಮಾಡಲಾರದ್ದು. ನನ್ನ ತೀರ್ಪು ನಿಂತಿರುವುದು ಇದರ ಮೇಲೆ.

ಹಾಲ್‌ಫರ್ಡ್ ಅವರ 1998ನೇ ಇಸವಿಯ ಬಗ್ಗೆ ನೀವು ಬರೆದ ಸಾಲನ್ನು ಮಾತ್ರ ಹಾಗೆಯೇ ಬಿಡಲಾರೆ. 'ಬೆನ್ನು ತೋರಿಸಿದವರು' ಎಂದಿದ್ದೀರಿ. ಆ ವರ್ಷ ಅವರು 'ಟು' ಎಂಬ ಹೆಸರಿನಲ್ಲಿ, ಗಿಟಾರ್ ವಾದಕ ಜಾನ್ 5 ಜೊತೆಗೂಡಿ, 'ನೈನ್ ಇಂಚ್ ನೈಲ್ಸ್' ತಂಡದ ಟ್ರೆಂಟ್ ರೆಜ್ನರ್ ಅವರ ರೆಕಾರ್ಡ್ ಕಂಪನಿಯಿಂದ 'ವಾಯರ್ಸ್' ತಂದರು. ಯಂತ್ರದ ತಾಳ, ಪಿಸುದನಿ, ತೆಳು ಲಯ. ಹಳೆಯ ಕೇಳುಗರು ಬೆನ್ನು ತಿರುಗಿಸಿದರು. ನಾನೂ ಆ ಆಲ್ಬಮ್‌ಗೆ ಮರುಳಾದವನಲ್ಲ. ರಾಬ್ ಹಾಲ್‌ಫರ್ಡ್ ಯಾಕೆ ತಮ್ಮ ದನಿಯ ಮುಕ್ಕಾಲು ಭಾಗವನ್ನು ಬೀಗ ಹಾಕಿ ಇಟ್ಟರೆಂದು ಇವತ್ತಿಗೂ ಕಳವಳವಾಗುತ್ತದೆ. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ, ಎಂ.ಟಿ.ವಿ. ಸಂದರ್ಶನವೊಂದರಲ್ಲಿ, ತಾನು ಸಲಿಂಗಿ ಎಂದು ಅವರು ಜಗತ್ತಿಗೆ ಹೇಳಿದರು. ಚರ್ಮದ ಉಡುಪು, ಮೊಳೆಪಟ್ಟಿ, ಮೋಟಾರ್‌ಸೈಕಲ್ ಎಲ್ಲವನ್ನೂ ಈ ಸಂಗೀತಕ್ಕೆ ಸಮವಸ್ತ್ರವಾಗಿ ಕೊಟ್ಟ ಮನುಷ್ಯ, ಎರಡು ದಶಕ ಮೀರಿ ಬಚ್ಚಿಟ್ಟುಕೊಂಡಿದ್ದ ಮಾತು ಅದು. ತಂಡಕ್ಕೆ ಪೆಟ್ಟಾದೀತು ಎಂಬ ಹೆದರಿಕೆ ಅವರನ್ನು ಅಷ್ಟು ಕಾಲ ಕಟ್ಟಿಹಾಕಿತ್ತು. ಪ್ರೀಸ್ಟ್‌ನ ಹೊರಗಿದ್ದ ಕಾಲದಲ್ಲೇ ಆ ಬಾಯಿ ತೆರೆಯಿತು. ಹಾಗಾಗಿ 'ವಾಯರ್ಸ್' ಸೋತ ಆಲ್ಬಮ್ ಎಂದು ಹೇಳಿ, ಒಪ್ಪುತ್ತೇನೆ. ಆ ವರ್ಷವನ್ನು ಸೋಲೆಂದು ಕರೆಯಬೇಡಿ.

ಅಲ್ಲಿಂದ ಮುಂದೆ ರಾಯ್ ಝೀ ಮತ್ತೆ ಬರುತ್ತಾರೆ. 2000ದಲ್ಲಿ ಹಾಲ್‌ಫರ್ಡ್ ತಮ್ಮದೇ ಹೆಸರಿನ ತಂಡದೊಂದಿಗೆ 'ರೆಸರೆಕ್ಷನ್' ತಂದಾಗ ನಿರ್ಮಾಪಕರು ಅವರೇ. ಮೊದಲ ಹಾಡಿನ ಚೀತ್ಕಾರ ಕೇಳಿದವರಿಗೆ ಬೇರೆ ಪುರಾವೆ ಬೇಡ. ಹತ್ತು ವರ್ಷ ಮಡಿಸಿಟ್ಟ ದನಿ ಪೂರ್ತಿ ಬಿಚ್ಚಿಕೊಂಡಿದೆ. ತೀರಾ ದೂರ ನೋಡಲು ಹೋದವನಿಗೆ ಹಾದಿ ತನ್ನ ಹಿಂದಿನ ದಿನಗಳಿಗೇ ಹೋಗುತ್ತಿರುವುದು ಕಂಡಿತು ಎಂಬರ್ಥದ ಸಾಲು ಅದರಲ್ಲಿದೆ. ಇಡೀ ಆಲ್ಬಮ್ ಆ ಸಾಲಿನಲ್ಲಿ ಅಡಗಿದೆ. ಅದು ಅಪ್ಪಟ ಜೂಡಸ್ ಪ್ರೀಸ್ಟ್ ಆಲ್ಬಮ್, ಪ್ರೀಸ್ಟ್ ಇಲ್ಲದೆ ಮಾಡಿದ್ದು. 2002ರ 'ಕ್ರೂಸಿಬಲ್' ಅದಕ್ಕಿಂತ ಕತ್ತಲೆಯದು, ಗಟ್ಟಿಯೂ ಹೌದು. 2003ರಲ್ಲಿ ಅವರು ಮನೆಗೆ ಮರಳಿದರು. 2005ರ ಪ್ರೀಸ್ಟ್ ಆಲ್ಬಮ್ 'ಏಂಜಲ್ ಆಫ್ ರೆಟ್ರಿಬ್ಯೂಷನ್' ಕೆಲಸಕ್ಕೆ ರಾಯ್ ಝೀ ಅವರನ್ನೂ ಕರೆತಂದರು.

ಇಬ್ಬರ ನಡುವಿನ ವ್ಯತ್ಯಾಸ ನನಗೆ ಕಾಣುವುದು ಇಲ್ಲಿ. ಹಾಲ್‌ಫರ್ಡ್ ಹೊರಗೆ ಕಲಿತದ್ದೆಲ್ಲ ಕೊನೆಗೆ ಪ್ರೀಸ್ಟ್‌ಗೆ ಹರಿದು ಬಂತು. ಡಿಕಿನ್ಸನ್ 1999ರಲ್ಲಿ ಸ್ಮಿತ್ ಜೊತೆಗೂಡಿ ಮೇಡನ್‌ಗೆ ಮರಳಿದರೂ ತನ್ನ ಇನ್ನೊಂದು ಮನೆಯ ಬಾಗಿಲು ಮುಚ್ಚಲಿಲ್ಲ. 2005ರಲ್ಲಿ 'ಟಿರನಿ ಆಫ್ ಸೋಲ್ಸ್' ಬಂತು. ಆಮೇಲೆ 19 ವರ್ಷಗಳ ಮೌನ, ನಡುವೆ ಗಂಟಲಿನ ಕ್ಯಾನ್ಸರ್. 2024ರ ಮಾರ್ಚ್‌ನಲ್ಲಿ, ಅದೇ ರಾಯ್ ಝೀ ಜೊತೆ, 'ದ ಮ್ಯಾಂಡ್ರೇಕ್ ಪ್ರಾಜೆಕ್ಟ್'. ಒಂದು ಹಾಡಿನ ಪ್ರಯಾಣವನ್ನೇ ನೋಡಿ: ತನ್ನ ಒಂಟಿ ಆಲ್ಬಮ್‌ಗೆಂದು ಬರೆದಿಟ್ಟಿದ್ದ 'ಇಫ್ ಎಟರ್ನಿಟಿ ಶುಡ್ ಫೇಲ್' ಹಾಡನ್ನು 2015ರಲ್ಲಿ ಮೇಡನ್‌ಗೆ ಕೊಟ್ಟರು, ಅದು 'ದ ಬುಕ್ ಆಫ್ ಸೋಲ್ಸ್' ಆಲ್ಬಮ್‌ನ ಮೊದಲ ಹಾಡಾಯಿತು. ಒಂಬತ್ತು ವರ್ಷದ ನಂತರ ಅದನ್ನೇ 'ಎಟರ್ನಿಟಿ ಹ್ಯಾಸ್ ಫೇಲ್ಡ್' ಎಂದು ಬದಲಿಸಿ ತನ್ನ ಆಲ್ಬಮ್‌ಗೆ ವಾಪಸ್ ತಂದುಕೊಂಡರು. ಕೊಟ್ಟ ಸಾಲವನ್ನು ಮರೆಯದವರ ಹಾಗೆ.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಡನ್ ಹಾಡಿದಾಗ ನಾನು ಆ ಧೂಳಿನಲ್ಲಿ ನಿಂತಿದ್ದೆ. ಡಿಕಿನ್ಸನ್ ವೇದಿಕೆಯ ಉದ್ದಕ್ಕೂ ಓಡುತ್ತಿದ್ದರು, ಸ್ಮಿತ್ ತಣ್ಣಗೆ ನುಡಿಸುತ್ತಿದ್ದರು. ಸುತ್ತಲಿನ ಸಾವಿರಾರು ಗಂಟಲುಗಳ ಜೊತೆ ನಾನೂ ಹಾಡಿದೆ. ಆದರೂ ಮನಸ್ಸಿನ ಒಂದು ಮೂಲೆ 'ದ ಕೆಮಿಕಲ್ ವೆಡ್ಡಿಂಗ್' ಆಲ್ಬಮ್‌ನ 'ದ ಟವರ್' ಹಾಡನ್ನು ಕಾಯುತ್ತಿತ್ತು. ಅದು ಬರುವುದಿಲ್ಲವೆಂದು ಗೊತ್ತಿತ್ತು. ಅದು ಆ ತಂಡದ ಹಾಡಲ್ಲ.

ನಿಮ್ಮಿಬ್ಬರಿಗೂ ಒಂದು ಕೋರಿಕೆ. 'ರೆಸರೆಕ್ಷನ್' ಆಲ್ಬಮ್‌ನಲ್ಲಿ 'ದ ಒನ್ ಯೂ ಲವ್ ಟು ಹೇಟ್' ಎಂಬ ಹಾಡಿದೆ. ಹಾಲ್‌ಫರ್ಡ್ ಮತ್ತು ಡಿಕಿನ್ಸನ್ ಅದನ್ನು ಜೊತೆಯಾಗಿ ಹಾಡಿದ್ದಾರೆ. ಒಂದೇ ಕೋಣೆಯಲ್ಲಿ ಕೂತು, ಯಾವ ಸಾಲು ಯಾರದೆಂದು ಗುರುತಿಸುತ್ತಾ ಕೇಳಿ. ಆಮೇಲೂ ನಿಮ್ಮ ಗೆಳೆಯರು ಹಾಲ್‌ಫರ್ಡ್ ಪರವೇ ನಿಂತರೆ, 'ವಾರ್ ಆಫ್ ವರ್ಡ್ಸ್' ಬಗ್ಗೆ ಅವರಿಂದಲೇ ಬರೆಸಿ ಕಳುಹಿಸಿ. ಈ ಸಲ ಒಂದು ಸಾಲಿನಲ್ಲಿ ಮುಗಿಸುವುದಿಲ್ಲ, ಎರಡು ಪುಟ ತೆಗೆದಿಡುತ್ತೇನೆ.

ಸಂಪಾದಕ