ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಆಮೆ ಸಾಕಬಹುದಾ?

ಪ್ರಶ್ನೆ: ನಮ್ಮದು ಗಂಗಾವತಿ. ಮೈದುನ ಬಳ್ಳಾರಿಯ ಅಕ್ವೇರಿಯಂ ಅಂಗಡಿಯಿಂದ ಎರಡು ಪುಟ್ಟ ಆಮೆ ತಂದುಕೊಟ್ಟಿದ್ದಾನೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದೆ. ನಾಲ್ಕು ವರ್ಷದ ಮಗ ದಿನವಿಡೀ ಅದರ ಜೊತೆಗೇ ಇರ್ತಾನೆ. ಎಂಟು ತಿಂಗಳ ಮಗಳು ಈಗ ಅಂಬೆಗಾಲಿಡ್ತಿದ್ದಾಳೆ. ಆಮೆ ಕಚ್ಚಲ್ಲ, ಮನೆಯಲ್ಲಿದ್ದರೆ ಒಳ್ಳೆಯದು ಅಂತಾರೆ ಅತ್ತೆ. ಟಬ್ಬನ್ನು ಬಚ್ಚಲಲ್ಲಿ ತೊಳೆಯುತ್ತೇವೆ. ಕೂಸಿಗೆ ಏನಾದರೂ ತೊಂದರೆ ಇದೆಯಾ?

ಉತ್ತರ: ಇದೆ. ಮಕ್ಕಳ ವೈದ್ಯನಾಗಿ ನೇರವಾಗಿಯೇ ಹೇಳ್ತೀನಿ, ನಿಮ್ಮ ಮಗಳು ಇಷ್ಟು ಚಿಕ್ಕವಳಿರುವಾಗ ಆ ಆಮೆಗಳು ನಿಮ್ಮ ಮನೆಯಲ್ಲಿ ಇರಬಾರದು.

ಕಚ್ಚೋದು ಇಲ್ಲಿ ವಿಷಯವೇ ಅಲ್ಲ. ಆಮೆ, ಹಲ್ಲಿ, ಹಾವು, ಇಗುವಾನಾ, ಇವುಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಅನ್ನುವ ಕ್ರಿಮಿ ಇರುತ್ತದೆ. ಅದರಿಂದ ಆಮೆಗೆ ಏನೂ ಆಗಲ್ಲ. ಚೆನ್ನಾಗಿ ತಿಂದುಕೊಂಡು, ಈಜಿಕೊಂಡು ಇರುತ್ತದೆ. ಆದರೆ ಅದರ ಹಿಕ್ಕೆ ಬೀಳೋದು ಅದೇ ಟಬ್ಬಿನ ನೀರಿಗೆ. ಆ ನೀರು ಚಿಪ್ಪಿಗೆ, ಟಬ್ಬಿನ ಅಂಚಿಗೆ, ಕಲ್ಲಿಗೆ, ನಿಮ್ಮ ಕೈಗೆ ಹತ್ತುತ್ತದೆ. ನಮ್ಮ ಕಡೆಯ ಬಿಸಿಲಿಗೆ ಟಬ್ಬಿನ ನೀರು ಉಗುರು ಬೆಚ್ಚಗಾಗಿ ನಿಂತಿರುತ್ತದೆ, ಕ್ರಿಮಿ ಬೆಳೆಯೋಕೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ಪರೀಕ್ಷೆ ಮಾಡಿಸಿ ನೋಡೋಣ ಅಂದರೂ ಪ್ರಯೋಜನ ಕಡಿಮೆ, ಏಕೆಂದರೆ ಆಮೆ ಈ ಕ್ರಿಮಿಯನ್ನು ದಿನವೂ ಹೊರಹಾಕಲ್ಲ. ಇವತ್ತು ಇಲ್ಲ ಅಂತ ಬಂದದ್ದು ಮುಂದಿನ ವಾರ ಇರಬಹುದು. ಆಮೆಗೆ ಔಷಧಿ ಕೊಟ್ಟು ಇದನ್ನು ತೆಗೆದುಹಾಕೋಕೂ ಆಗಲ್ಲ.

ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆ ಮಾರಾಟವನ್ನು 1975ರಲ್ಲೇ ನಿಷೇಧಿಸಿದರು. ಪುಟ್ಟ ಆಮೆಯನ್ನು ಮಕ್ಕಳು ಸೀದಾ ಬಾಯಿಗೆ ಇಡ್ತಾರೆ, ಅದಕ್ಕೆ. ಐದು ವರ್ಷದೊಳಗಿನ ಮಕ್ಕಳು ಆಮೆ, ಹಲ್ಲಿಯಂಥವನ್ನು ಮುಟ್ಟಲೇಬಾರದು ಅನ್ನೋದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಅಂದರೆ ನಿಮ್ಮ ಮಗನೂ ಮುಟ್ಟುವ ಹಾಗಿಲ್ಲ.

ಮಗಳ ವಿಷಯದಲ್ಲಿ ನನಗೆ ಇನ್ನೂ ಜಾಸ್ತಿ ಚಿಂತೆ. ಅವಳು ಆಮೆಯನ್ನು ಮುಟ್ಟಬೇಕಾಗಿಯೇ ಇಲ್ಲ. ಅಣ್ಣ ಆಮೆ ಹಿಡಿದ ಕೈಯಲ್ಲೇ ತಂಗಿಯ ಗಲ್ಲ ಮುಟ್ಟುತ್ತಾನೆ. ಟಬ್ಬಿನ ನೀರು ನೆಲಕ್ಕೆ ಚೆಲ್ಲಿರುತ್ತದೆ, ಅವಳು ಅದರ ಮೇಲೆ ಹರಿದಾಡಿ ಬೆರಳು ಚೀಪುತ್ತಾಳೆ. ನಳದ ನೀರು ದಿನಾ ಬರದ ಊರುಗಳಲ್ಲಿ ಡ್ರಮ್ಮಿನಲ್ಲಿ ತುಂಬಿಟ್ಟ ನೀರೇ ಎಲ್ಲಕ್ಕೂ, ಟಬ್ಬು ತೊಳೆದ ತಂಬಿಗೆಯನ್ನೇ ಮತ್ತೆ ಡ್ರಮ್ಮಿಗೆ ಅದ್ದಿದರೆ ಆಯಿತು, ಅದೇ ನೀರಲ್ಲಿ ಕೂಸಿನ ಬಟ್ಟಲು ತೊಳೆಯುತ್ತೀರಿ, ಅದೇ ನೀರು ಅವಳ ಸ್ನಾನಕ್ಕೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಆ ಬಚ್ಚಲಿನ ಮಾತೇ.

ಕ್ರಿಮಿ ಹೊಟ್ಟೆಗೆ ಹೋದರೆ 6 ಗಂಟೆಯಿಂದ 6 ದಿನದೊಳಗೆ ಜ್ವರ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ವಾರದೊಳಗೆ ತಾನೇ ವಾಸಿ. ಕೂಸುಗಳಲ್ಲಿ ರಕ್ತಕ್ಕೆ ಸೇರಬಹುದು, ಮಿದುಳಿನ ಪೊರೆಗೂ ಹೋಗಬಹುದು, ಆಗ ಜೀವಕ್ಕೇ ಅಪಾಯ. ಇದು ಟೈಫಾಯ್ಡ್ ಕ್ರಿಮಿಯ ಬಳಗದ್ದೇ ಆದರೂ ಟೈಫಾಯ್ಡ್ ಅಲ್ಲ, ಹಾಗಾಗಿ ಟೈಫಾಯ್ಡ್ ಲಸಿಕೆ ಹಾಕಿಸಿದ್ದೇವೆ ಅಂತ ನಿಶ್ಚಿಂತರಾಗಬೇಡಿ.

ಮಗಳಿಗೆ ಭೇದಿ ಶುರುವಾದರೆ ಎದೆಹಾಲು ನಿಲ್ಲಿಸಬೇಡಿ. ಕುದಿಸಿ ಆರಿಸಿದ ನೀರಿಗೆ ಓಆರ್‌ಎಸ್ ಕಲಸಿ ಚಮಚದಲ್ಲಿ ಕೊಡುತ್ತಿರಿ. ನೀರಿನ ಅಳತೆ ಪ್ಯಾಕೆಟ್ ಮೇಲೆ ಇರುತ್ತದೆ, ಕಲಸಿದ್ದನ್ನು 24 ಗಂಟೆ ಆದಮೇಲೆ ಚೆಲ್ಲಿಬಿಡಿ. ಮೆಡಿಕಲ್ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆಯಾಗಲಿ, ಆಂಟಿಬಯೋಟಿಕ್ ಆಗಲಿ ನೀವೇ ತಂದು ಹಾಕಬೇಡಿ. ಮಲದಲ್ಲಿ ರಕ್ತ ಕಂಡರೆ, ಜ್ವರ ಇಳಿಯದಿದ್ದರೆ, ಕೂಸು ಮಂಕಾದರೆ, ಹಾಲು ಕುಡಿಯದಿದ್ದರೆ, ಉಚ್ಚೆ ಕಡಿಮೆಯಾದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಆಮೆ ಇತ್ತು ಅಂತ ಡಾಕ್ಟರಿಗೆ ಮೊದಲೇ ಹೇಳಿ, ನೀವು ಹೇಳದೆ ಅವರಿಗೆ ಅದು ಹೊಳೆಯೋದು ಕಷ್ಟ.

ಆಮೆಗಳನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ತಾರಾ ಕೇಳಿ, ಇಲ್ಲವಾದರೆ ಚಿಕ್ಕ ಮಕ್ಕಳು, ವಯಸ್ಸಾದವರು, ಬಸುರಿಯರು ಇಲ್ಲದ ಮನೆಗೆ ಕೊಡಿ. ಪುಣ್ಯ ಬರುತ್ತೆ ಅಂತ ಆನೆಗೊಂದಿಗೆ ಹೋಗಿ ಹೊಳೆಗೆ ಮಾತ್ರ ಬಿಡಬೇಡಿ. ನೀವು ಹೇಳಿದ ಕೆಂಪು ಪಟ್ಟೆಯದು ಅಮೆರಿಕ ಮೂಲದ ಆಮೆ, ಅಡಿಯಷ್ಟು ಉದ್ದ ಬೆಳೆಯಬಲ್ಲದು, ಇಲ್ಲಿನ ಆಮೆಗಳ ಆಹಾರಕ್ಕೂ ಜಾಗಕ್ಕೂ ಪೈಪೋಟಿಗೆ ನಿಲ್ಲುತ್ತದೆ. ತುಂಗಭದ್ರೆಯ ಆ ಭಾಗ ನೀರುನಾಯಿಗಳಿಗಾಗಿ ಕಾಯ್ದಿಟ್ಟ ಪ್ರದೇಶ ಬೇರೆ. ಅತ್ತೆಯವರಿಗೆ ಬೇಸರವಾದರೆ ಹಿತ್ತಾಳೆ ಆಮೆಯೊಂದನ್ನು ತಂದು ದೇವರ ಮನೆಯಲ್ಲಿಡಿ.

ಆಮೆ ಹೋಗುವ ತನಕ ಟಬ್ಬು ಅಡುಗೆಮನೆ, ಬಚ್ಚಲು ಎರಡಕ್ಕೂ ಬರಬಾರದು. ನೀರು ಬದಲಿಸೋದು ದೊಡ್ಡವರೇ, ಹೊರಗೇ, ಬೇರೆ ತಂಬಿಗೆಯಲ್ಲಿ. ಆಮೇಲೆ ಸೋಪಿನಿಂದ 20 ಸೆಕೆಂಡ್ ಕೈ ಉಜ್ಜಿ ತೊಳೆದು, ನಂತರವೇ ಕೂಸನ್ನು ಎತ್ತಿಕೊಳ್ಳಿ.

ಪ್ರಶ್ನೆ: ರಾಯಚೂರಿನವರು. ಗೋಡೆಯ ಹಲ್ಲಿ ಹಾಲಿಗೆ ಬಿದ್ದರೆ ವಿಷವಾಗುತ್ತದಾ? ಮೊಮ್ಮಗನಿಗೆ ಎರಡು ವರ್ಷ.

ಉತ್ತರ: ನಮ್ಮ ಮನೆಗೋಡೆಯ ಹಲ್ಲಿಗೆ ವಿಷವಿಲ್ಲ. ಆದರೂ ಆ ಹಾಲನ್ನು ಚೆಲ್ಲಿಬಿಡಿ, ಅದರ ಹಿಕ್ಕೆಯಲ್ಲೂ ಇದೇ ಸಾಲ್ಮೊನೆಲ್ಲಾ ಇರಬಹುದು. ಬಿದ್ದ ಹಲ್ಲಿ ನಮಗೆ ಕಾಣುತ್ತದೆ, ಹಿಕ್ಕೆ ಎಷ್ಟೋ ಸಲ ಕಾಣಲ್ಲ. ಹಾಲು, ಅನ್ನಕ್ಕೆ ಮುಚ್ಚಳ ಹಾಕಿ, ಮೊಮ್ಮಗನ ತಟ್ಟೆ, ಲೋಟ ಬೋರಲು ಹಾಕಿಡಿ, ಬಡಿಸುವ ಮುಂಚೆ ಒಮ್ಮೆ ತೊಳೆಯಿರಿ.