ಮೆಣಸಿನಕಾಯಿ ಇರಲಿ, ಅತ್ತಿಮಬ್ಬೆಯ ಮಾತು ಹೇಳಿ

ಬ್ಯಾಡಗಿಯ ಅಕ್ಕಾವರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚಾಲುಕ್ಯರ ಕಾಲದ ಧಾರಾವಾಹಿಯೊಂದರಲ್ಲಿ ಅರಮನೆ ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಅದು ತಪ್ಪು ಎಂದು ಹೋದ ಸಂಚಿಕೆಯಲ್ಲಿ ನಾವು ಬರೆದೆವು. ನಿಮಗೆ ಬೇಸರವಾಗಿದೆ. "ದಿನವಿಡೀ ದುಡಿದು ಬಂದು ಮನೆಮಂದಿಯೆಲ್ಲ ಕೂಡಿ ನೋಡುತ್ತೇವೆ. ಅದರಲ್ಲೂ ತಪ್ಪು ಹುಡುಕಿದರೆ ಹೇಗೆ? ಇತಿಹಾಸ ಬೇಕಾದವರು ಪುಸ್ತಕ ಓದಲಿ" ಎಂದಿದ್ದೀರಿ.

ಮೆಣಸಿನಕಾಯಿ ಮಾತು ಮೊದಲು ಮುಗಿಸಿಬಿಡೋಣ. ಅದು ಅಮೆರಿಕ ಖಂಡದ ಬೆಳೆ. ನಮ್ಮ ಕಡೆ ಬಂದಿದ್ದು ಪೋರ್ಚುಗೀಸರ ಕಾಲದಲ್ಲಿ, 16ನೇ ಶತಮಾನದಲ್ಲಿ. ಚಾಲುಕ್ಯರ ಅಡುಗೆಗೆ ಖಾರ ಕೊಟ್ಟಿದ್ದು ಕರಿಮೆಣಸು, ಶುಂಠಿ. ಬ್ಯಾಡಗಿಯಲ್ಲಿ ಕೂತು ಇದನ್ನು ನಂಬುವುದು ಕಷ್ಟ, ಗೊತ್ತು. ಆದರೆ ಈ ತಪ್ಪಿಗೆ ನಾವು ಅಷ್ಟು ಜಾಗ ಕೊಡಬಾರದಿತ್ತು. ಅಂಗಳದಲ್ಲಿ ಏನು ಒಣಗಿದರೂ ಕಥೆ ಕೆಡುವುದಿಲ್ಲ. ಇಷ್ಟನ್ನು ಒಪ್ಪುತ್ತೇನೆ.

"ಪುಸ್ತಕ ಓದಲಿ" ಎಂಬ ಮಾತನ್ನು ಮಾತ್ರ ಒಪ್ಪಲಾರೆ. ನಮ್ಮಲ್ಲಿ ಜಾಸ್ತಿ ಜನ ಇತಿಹಾಸ ಕಲಿತಿದ್ದು ತೆರೆಯ ಮೇಲೆಯೇ ಅಲ್ವಾ? ಕದಂಬರ ಕಥೆ ಹೇಳುವ 1975ರ 'ಮಯೂರ' ಸಿನಿಮಾ ನೋಡಿದ ಮೇಲೆ, ಅವರ ರಾಜಧಾನಿ ಬನವಾಸಿಗೆ ಕರೆದುಕೊಂಡು ಹೋಗು ಎಂದು ಅಪ್ಪನಿಗೆ ಗಂಟುಬಿದ್ದಿದ್ದೆ. ಅದರಲ್ಲಿ ಮಯೂರ ಹುಟ್ಟಿನಿಂದಲೇ ರಾಜಕುಮಾರ, ಅದು ಅವನಿಗೇ ಗೊತ್ತಿರುವುದಿಲ್ಲ. ಎಷ್ಟೋ ವರ್ಷ ಅದೇ ನಿಜ ಅಂದುಕೊಂಡಿದ್ದೆ. ತಾಳಗುಂದದ ಕಂಬದ ಶಾಸನ ಹೇಳುವುದೇ ಬೇರೆ. ಮಯೂರಶರ್ಮ ಕಂಚಿಗೆ ಓದಲು ಹೋದ ಬ್ರಾಹ್ಮಣ ಹುಡುಗ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ಅವಮಾನ ತಡೆಯಲಾರದೆ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಓದಲು ಹೋದ ಹುಡುಗ ರಾಜ್ಯ ಕಟ್ಟಿದ! ನನಗೆ ಇದೇ ದೊಡ್ಡ ಕಥೆ. ಹಾಗಂತ ಆ ಸಿನಿಮಾದ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ನನ್ನನ್ನು ಆ ಕಂಬದ ತನಕ ಕರೆದೊಯ್ದದ್ದು ಅದೇ.

ನಿಮ್ಮ ಧಾರಾವಾಹಿಯಲ್ಲಿ ನನಗೆ ನೋವಾಗಿದ್ದು ಚಾಲುಕ್ಯರ ಕಾಲದ ದಾನಿ ಅತ್ತಿಮಬ್ಬೆಯನ್ನು ನೋಡಿ. ಅಲ್ಲಿ ಆಕೆ ಗಂಡನ ಸಾವಿನ ಸೇಡಿಗೆ ಕುದುರೆ ಏರಿ ಕತ್ತಿ ಬೀಸುತ್ತಾಳೆ. ನಮ್ಮ ವಿಮರ್ಶೆ ಬರೆಯಬೇಕಾಗಿದ್ದು ಇದನ್ನು. ಗಂಡ ನಾಗದೇವ ತೀರಿಕೊಂಡಾಗ ಆಕೆಯ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅವಳೂ ನಾಗದೇವನ ಹೆಂಡತಿಯೇ. ಅತ್ತಿಮಬ್ಬೆ ಉಳಿದಳು, ಮಗನನ್ನು ಬೆಳೆಸಿದಳು. ರನ್ನನಿಂದ ಅಜಿತಪುರಾಣ ಬರೆಸಿದಳು. ಪೊನ್ನನ ಶಾಂತಿಪುರಾಣ ಕಳೆದುಹೋಗಬಾರದೆಂದು 1000 ಪ್ರತಿ ಮಾಡಿಸಿ ಹಂಚಿದಳು. ಸಾವಿರ ಪ್ರತಿ, ಅಕ್ಕಾವರೇ! ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಅಕ್ಷರವನ್ನೂ ಓಲೆಗರಿಯ ಮೇಲೆ ಕೈಯಿಂದಲೇ ಕೊರೆಯಬೇಕು.

ಈ ದೃಶ್ಯ ತೆರೆಯ ಮೇಲೆ ಬಂದರೆ ಯಾರಿಗೆ ಬೇಸರವಾದೀತು? ಗರಿಗಳ ರಾಶಿ, ಬರೆದು ಬರೆದು ಬಾವು ಬಂದ ಬೆರಳು, ದೀಪದ ಬೆಳಕಲ್ಲಿ ಲೆಕ್ಕ ನೋಡುವ ವಿಧವೆ. ಒಳಗೆ ಸುಟ್ಟುಹೋದ ತಂಗಿಯ ನೆನಪು. ಆ ಕೋಣೆಯ ಮಾತುಕತೆಯನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಟ್ಟಿಲ್ಲ. ಅದನ್ನು ಕಥೆಗಾರರು ಬೇಕಾದ ಹಾಗೆ ಕಟ್ಟಲಿ. ಜಗಳ ಇರಲಿ, ಹಾಡು ಇರಲಿ, ನಾನು ಕೈಕಟ್ಟಿ ಕೂತು ನೋಡುತ್ತೇನೆ. ಆಕೆ ನಿಜವಾಗಿ ಮಾಡಿದ್ದನ್ನು ಅಳಿಸಿ ಕೈಗೆ ಸುಮ್ನೆ ಕತ್ತಿ ಕೊಡುವುದು ಬೇಡ.

ಏಳನೇ ಕ್ಲಾಸಿನ ಮಗಳು "ನಾನೂ ಅತ್ತಿಮಬ್ಬೆ ಹಾಗೆ ಕತ್ತಿವರಸೆ ಕಲಿಯುತ್ತೇನೆ" ಅಂತಾಳೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಕಲಿಯಲಿ. ಒಂದು ಭಾನುವಾರ ಅವಳನ್ನು ಲಕ್ಕುಂಡಿಗೂ ಕರೆದುಕೊಂಡು ಹೋಗಿ. ಗದಗಿನಿಂದ ಸುಮಾರು 12 ಕಿಲೋಮೀಟರ್. ಅತ್ತಿಮಬ್ಬೆ ಅಲ್ಲಿ ಬಸದಿ ಕಟ್ಟಿಸಿದ್ದನ್ನು 1007ರ ಶಾಸನ ಹೇಳುತ್ತದೆ. ಸಾವಿರ ಪುಸ್ತಕದ ಕಥೆಯನ್ನು ಅಲ್ಲೇ ಕೂತು ಹೇಳಿ. ಅವಳು ಏನಂದಳು ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ